ಕಡತದಲ್ಲಿದ್ದ ಸುದ್ದಿ ಟ್ಯಾಂಕಿನೊಳಗೆ ಬರಲಿಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಉಕ್ರೇನ್ ಯುದ್ಧ ಸುರುವಾದಾಗಿನಿಂದ ಪತ್ರಿಕೆಗಳಲ್ಲಿ, ಟಿವಿ ಚರ್ಚೆಗಳಲ್ಲಿ ಒಂದು ಮಾತು ತಿರುತಿರುಗಿ ಬರುತ್ತಿದೆ. ಟ್ಯಾಂಕಿನ ಕಾಲ ಮುಗಿಯಿತಂತೆ, ಹೆಗಲ ಮೇಲೆ ಹೊತ್ತು ಹೊಡೆಯುವ ಕೊಳವೆಯೊಂದಿದ್ದರೆ ಸಾಕಂತೆ. ಟರೆಟ್, ಅಂದರೆ ಟ್ಯಾಂಕಿನ ತಿರುಗುವ ತಲೆ, ಹಾರಿ ಪಕ್ಕದ ಹೊಲದಲ್ಲಿ ಬೋರಲಾಗಿ ಬಿದ್ದ ಚಿತ್ರ ನೋಡಿದವರಿಗೆ ಹಾಗನಿಸುವುದು ಸಹಜ. ಆದರೆ ಆ ಟ್ಯಾಂಕು ಅಲ್ಲಿಗೆ ಹೇಗೆ ಬಂತು, ಅದರ ಸುತ್ತ ಕಾಲಾಳುಗಳು ಯಾಕಿರಲಿಲ್ಲ, ಎದುರಿಗೆ ಯಾವ ಅಸ್ತ್ರವಿದೆ ಎಂಬುದು ಒಳಗೆ ಕುಳಿತ ಮೂವರಿಗೆ ಗೊತ್ತಿತ್ತೋ ಇಲ್ಲವೋ ಎಂಬ ಪ್ರಶ್ನೆಗಳನ್ನು ಯಾರೂ ಕೇಳುತ್ತಿಲ್ಲ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಎಷ್ಟೋ ಹಳ್ಳಿಗಳಲ್ಲಿ ಸೈನ್ಯದಲ್ಲಿರುವ ಮಗನ ಫೋಟೊ ಇರುವ ಮನೆಗಳಿವೆ. ಆ ಮನೆಯವರು ಓದುವ ಪತ್ರಿಕೆಯಲ್ಲಿ ಈ ವಿಷಯ ಸರಿಯಾಗಿ ಬರಬೇಕೆಂದು ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇವೆ.

ಮೊದಲು ಅಸ್ತ್ರದ ಬಗ್ಗೆ. ಈ ಕ್ಷಿಪಣಿಗಳು ಉಕ್ಕನ್ನು ಕರಗಿಸಿ ಒಳಹೋಗುತ್ತವೆ ಎಂದು ಬಹಳ ಕಡೆ ಬರೆಯುತ್ತಾರೆ. ಅದು ತಪ್ಪು. ಸಿಡಿತಲೆಯಲ್ಲಿ ಸ್ಫೋಟಕದ ಮುಂದೆ ಲಾಳಿಕೆಯ ಆಕಾರದ ತಾಮ್ರದ ತಗಡು ಇರುತ್ತದೆ. ಸ್ಫೋಟಕ ಸಿಡಿದಾಗ ಆ ತಗಡು ಮಡಚಿಕೊಂಡು ಸೂಜಿಯಂಥ ಧಾರೆಯಾಗಿ ಸೆಕೆಂಡಿಗೆ 8ರಿಂದ 10 ಕಿ.ಮೀ. ವೇಗದಲ್ಲಿ ಚಿಮ್ಮುತ್ತದೆ. ಅಷ್ಟು ಒತ್ತಡದ ಮುಂದೆ ಉಕ್ಕು ಹಸಿ ಮಣ್ಣಿನಂತೆ ಸರಿದು ದಾರಿ ಬಿಡುತ್ತದೆ. ಇಲ್ಲಿ ಕೆಲಸ ಮಾಡುವುದು ಒತ್ತಡ, ಬಿಸಿಯಲ್ಲ. 1961ರಲ್ಲಿ ಸೋವಿಯತ್ ಸೇನೆಗೆ ಬಂದ, ಹೆಗಲ ಮೇಲಿಂದ ಹೊಡೆಯುವ ಕೊಳವೆಯಾದ ಆರ್‌ಪಿಜಿ-7ರ ಮೊದಲ ಗುಂಡಿಗೇ ಸುಮಾರು 260 ಮಿ.ಮೀ. ಉಕ್ಕು ಕೊರೆಯುವ ಶಕ್ತಿಯಿತ್ತು. ಆ ಕೊಳವೆಯ ತೂಕ ಏಳು ಕೆ.ಜಿ. ಮಾತ್ರ. ಇಂದಿನ ರಷ್ಯನ್ ಕಾರ್ನೆಟ್ ಕ್ಷಿಪಣಿ 5 ಕಿ.ಮೀ. ದೂರದಿಂದ 1,000 ಮಿ.ಮೀ.ಗೂ ಹೆಚ್ಚು ಉಕ್ಕನ್ನು ಕೊರೆಯುತ್ತದೆ. ಅದರ ಮುಕ್ಕಾಲಿ 26 ಕೆ.ಜಿ., ಕೊಳವೆಯೊಳಗಿನ ಕ್ಷಿಪಣಿ 29 ಕೆ.ಜಿ. ಇಬ್ಬರು ಗಟ್ಟಿ ಆಳುಗಳು ಹೊತ್ತುಕೊಂಡು ಗುಡ್ಡ ಹತ್ತಬಹುದು. ಕವಚ ದಪ್ಪ ಮಾಡಿಯೇ ಇದನ್ನು ತಡೆಯುತ್ತೇವೆ ಎಂಬ ಕಾಲ ಹೋಗಿ ಅರ್ಧ ಶತಮಾನವಾಯಿತು. ಅಂದಿನಿಂದ ಟ್ಯಾಂಕನ್ನು ಉಳಿಸುತ್ತ ಬಂದಿರುವುದು ಬೇರೆ ಸಂಗತಿಗಳು: ವೈರಿಯ ಕಣ್ಣಿಗೆ ಬೀಳದಿರುವುದು, ಬಿದ್ದರೂ ಗುರಿ ಹಿಡಿಯಲು ಬಿಡದಿರುವುದು, ಕ್ಷಿಪಣಿ ಹೊರಟ ಮೇಲೆ ಸಿಗುವ ಹತ್ತು ಹದಿನೈದು ಸೆಕೆಂಡುಗಳನ್ನು ಹಾಳು ಮಾಡದಿರುವುದು. ಈ ಮೂರಕ್ಕೂ ಸುದ್ದಿ ಬೇಕು, ತಾಲೀಮು ಬೇಕು.

ಆ ಸೆಕೆಂಡುಗಳನ್ನೇ ಹತ್ತಿರದಿಂದ ನೋಡೋಣ. 4 ಕಿ.ಮೀ. ದೂರದ ದಿಬ್ಬದಿಂದ ಹೊರಟ ಕಾರ್ನೆಟ್ ಟ್ಯಾಂಕು ಮುಟ್ಟಲು ಸುಮಾರು 15 ಸೆಕೆಂಡು ಬೇಕು. ಹಾರಿಸಿದ ಜಾಗದಲ್ಲಿ ಒಂದು ಮಿಂಚು, ಒಂದಿಷ್ಟು ಧೂಳು ಕಾಣುತ್ತದೆ. ಆ ದಿಕ್ಕಿಗೇ ನೋಡುತ್ತಿದ್ದವನಿಗೆ ಅದು ಗೊತ್ತಾಗಲು ಮೂರ್ನಾಲ್ಕು ಸೆಕೆಂಡು. ಕೂಗಿ ಹೇಳಿ ಆದೇಶ ಕೊಡಲು ಎರಡು. ಡ್ರೈವರ್ ಗೇರು ಬದಲಿಸಿ 41 ಟನ್ನಿನ ಬಂಡಿಯನ್ನು ಅಲುಗಿಸಲು ಇನ್ನೆರಡು ಮೂರು. ಉಳಿಯುವುದು ಆರೇಳು ಸೆಕೆಂಡು. ನಮ್ಮ ಸೇನೆಯಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿರುವ ಟಿ-72 ಟ್ಯಾಂಕಿಗೆ ಹಿಂದೆ ಸರಿಯಲು ಇರುವುದು ಒಂದೇ ಗೇರು. ಅದರ ವೇಗ ಗಂಟೆಗೆ ಸುಮಾರು 4 ಕಿ.ಮೀ., ಅಂದರೆ ಸೆಕೆಂಡಿಗೆ ಒಂದು ಮೀಟರ್‌ಗಿಂತ ತುಸು ಹೆಚ್ಚು. ಮನುಷ್ಯ ಸುಮ್ಮನೆ ನಡೆಯುವ ವೇಗವದು. ಆರೇಳು ಸೆಕೆಂಡಿನಲ್ಲಿ ಅದು ತನ್ನ ಒಡಲಿನ ಉದ್ದದಷ್ಟು, ಏಳು ಮೀಟರ್‌ನಷ್ಟು ಹಿಂದೆ ಸರಿದರೆ ಪುಣ್ಯ. ಹಾಗಾಗಿ ಟಿ-72 ನಿಲ್ಲುವ ಪ್ರತಿಯೊಂದು ಜಾಗದಲ್ಲೂ ಆಸರೆ ಏಳು ಮೀಟರ್ ಒಳಗೇ ಇರಬೇಕು. ಹಿಂದೆ ಇಲ್ಲವಾದರೆ ಮುಂದಾದರೂ ಇಳಿದು ಮರೆಯಾಗಲು ಒಂದು ತಗ್ಗು ಬೇಕು, ಯಾಕೆಂದರೆ ಮುಂದಕ್ಕೆ ಅದು ಕುದುರೆಯಂತೆ ಓಡುತ್ತದೆ. ನಿಲ್ಲುವ ಮೊದಲೇ ಈ ಲೆಕ್ಕ ಮನಸ್ಸಿನಲ್ಲಿ ಆಗಿರಬೇಕು. ಕ್ಷಿಪಣಿ ಕಂಡ ಮೇಲೆ ಲೆಕ್ಕಕ್ಕೆ ಕುಳಿತರೆ ಕತೆ ಮುಗಿದಂತೆಯೇ.

ಹೊಗೆಯ ವಿಷಯವೂ ಹೀಗೆಯೇ. ಟರೆಟ್ ಪಕ್ಕದ ಕೊಳವೆಗಳಿಂದ ಹೊಗೆಗುಂಡು ಹಾರಿ, ಮುಂದೆ ಬಿದ್ದು, ಪರದೆ ಎದ್ದೇಳಲು ಕೆಲವು ಸೆಕೆಂಡು ಹಿಡಿಯುತ್ತದೆ. ಟಿ-72ರಲ್ಲಿ ಸೈಲೆನ್ಸರಿಗೆ ಡೀಸೆಲ್ ಚಿಮುಕಿಸಿ ಹೊಗೆ ಎಬ್ಬಿಸುವ ಅನುಕೂಲವೂ ಇದೆ. ಅದು ಚಲಿಸುವಾಗ ಹಿಂದಿನವರನ್ನು ಮರೆಮಾಡುತ್ತದೆ, ಮುಂದಿನವನನ್ನಲ್ಲ. ಗಾಳಿ ಎದುರಿಗಿದ್ದರೆ ಪರದೆ ನಮ್ಮ ಮೇಲೆಯೇ ಬಂದು ನಮ್ಮ ಗನ್ನರನೇ ಕುರುಡಾಗುತ್ತಾನೆ. ವೈರಿಯ ಹತ್ತಿರ ಶಾಖ ನೋಡುವ ದುರ್ಬೀನು ಇದ್ದರೆ ಸಾದಾ ಹೊಗೆ ಸಾಲದು, ಅದನ್ನೂ ತಡೆಯುವ ಬೇರೆ ಮಿಶ್ರಣದ ಹೊಗೆಗುಂಡು ಬೇಕು. ವೈರಿಯ ಹತ್ತಿರ ಯಾವ ದುರ್ಬೀನು ಇದೆ ಎಂಬುದನ್ನು ಟ್ಯಾಂಕಿನ ಕಮಾಂಡರ್ ತಾನಾಗಿ ತಿಳಿಯಲಾರ. ಅದನ್ನು ಬೇಹುಗಾರಿಕೆಯವರು ಮೊದಲೇ ತಿಳಿಸಿರಬೇಕು. ತಪ್ಪುವುದು ಇಲ್ಲಿಯೇ.

1973ರ ಅಕ್ಟೋಬರ್ 6ರಂದು ಈಜಿಪ್ಟಿನ ಕಾಲಾಳುಗಳು ಸುಯೆಜ್ ಕಾಲುವೆ ದಾಟಿ ಇಸ್ರೇಲ್ ಸೇನೆಯ ಮೇಲೆ ಬಿದ್ದಾಗ ಅವರ ಜೊತೆ ಸ್ಯಾಗರ್ ಕ್ಷಿಪಣಿಗಳಿದ್ದವು. ಒಂದೊಂದರ ತೂಕ 11 ಕೆ.ಜಿ., ಪೆಟ್ಟಿಗೆಯಲ್ಲಿಟ್ಟು ಬೆನ್ನಿಗೆ ಹೊರುವಂಥವು, 3 ಕಿ.ಮೀ. ದೂರ ಹೊಡೆಯುವಂಥವು. ಅವರು ಗೆರಿಲ್ಲಾಗಳಲ್ಲ, ಶಿಸ್ತಿನ ಸೇನೆಯವರು. ಆದರೆ ಮರಳ ದಿಬ್ಬದ ಹಿಂದೆ ಮೂವರ ತಂಡ ಅಡಗಿ ಕುಳಿತು ಟ್ಯಾಂಕು ಹೊಡೆಯುವ ರೀತಿಯನ್ನು ಮುಂದಿನ ಗೆರಿಲ್ಲಾಗಳೆಲ್ಲ ಕಲಿತದ್ದು ಅಲ್ಲಿಂದಲೇ. ಸ್ಯಾಗರ್ ಇಸ್ರೇಲಿಗೆ ಗೊತ್ತಿಲ್ಲದ ಅಸ್ತ್ರವಾಗಿರಲಿಲ್ಲ. ಅದರ ದೂರ, ವೇಗ ಎಲ್ಲ ಅವರ ಬೇಹುಗಾರಿಕೆ ವಿಭಾಗದ ಕಡತದಲ್ಲಿದ್ದವು. ಅದರ ವಿರುದ್ಧದ ತಾಲೀಮು ಮಾತ್ರ ಟ್ಯಾಂಕು ದಳಗಳಿಗೆ ಆಗಿರಲಿಲ್ಲ. 1967ರ ಗೆಲುವಿನ ಬಳಿಕ ಟ್ಯಾಂಕೊಂದೇ ಸಾಕು, ಕಾಲಾಳು ಮತ್ತು ಮಾರ್ಟರ್ ಹಿಂದೆ ಬಂದರಾಯಿತು ಎಂಬ ಭಾವನೆ ಬೇರೂರಿತ್ತು. ಕಾಲುವೆ ಕಾಯುತ್ತಿದ್ದ ಡಿವಿಜನ್ನಿನ ಸುಮಾರು 290 ಟ್ಯಾಂಕುಗಳ ಪೈಕಿ ಮರುದಿನದ ಹೊತ್ತಿಗೆ ಕಾದಾಡಲು ಉಳಿದವು ಅರ್ಧಕ್ಕಿಂತ ಕಡಿಮೆ. ಹಗಲು ಕಂಡ ಬಾವಿಗೆ ರಾತ್ರಿ ಬಿದ್ದಂತಾಯಿತು.

ಆಮೇಲೆ ಅದೇ ಸಿಬ್ಬಂದಿ ರಣರಂಗದಲ್ಲಿಯೇ ಮದ್ದು ಹುಡುಕಿದ್ದನ್ನು ನೋಡಿ. ಸ್ಯಾಗರ್ ನಿಧಾನ, 3 ಕಿ.ಮೀ.ಗೆ 25 ಸೆಕೆಂಡು ತೆಗೆದುಕೊಳ್ಳುತ್ತದೆ. ಹಾರಿಸಿದವನು ಅಷ್ಟೂ ಹೊತ್ತು ದುರ್ಬೀನಿನಲ್ಲಿ ಕಣ್ಣಿಟ್ಟು, ಸಣ್ಣ ಹಿಡಿಕೆ ಅಲುಗಿಸುತ್ತ, ತಂತಿಯ ಮೂಲಕ ಅದನ್ನು ನಡೆಸಬೇಕು. ಅವನ ಚಿತ್ತ ಚೂರು ಕದಲಿದರೂ ಕ್ಷಿಪಣಿ ನೆಲ ಕಚ್ಚುತ್ತದೆ. ಹಾಗಾಗಿ ಒಂದು ಟ್ಯಾಂಕಿಗೆ ಬರೀ ನೋಡುವ ಕೆಲಸ ಕೊಟ್ಟರು. ಅದು ಕೂಗಿದ ಕೂಡಲೇ ಉಳಿದವು ಹಿಂದುಮುಂದಾಗಿ ಓಡಾಡಿ ಧೂಳೆಬ್ಬಿಸುತ್ತ, ಕ್ಷಿಪಣಿ ಹೊರಟ ಕಡೆಗೆಲ್ಲ ಮಷಿನ್‌ಗನ್ ಸುರಿಸಿದವು. ಮೊದಮೊದಲು ಇದೂ ತಪ್ಪುತ್ತಿತ್ತು, ಯಾಕೆಂದರೆ ಕ್ಷಿಪಣಿ ಇಟ್ಟ ಜಾಗದಿಂದ ಹತ್ತು ಹದಿನೈದು ಮೀಟರ್ ಪಕ್ಕದಲ್ಲಿ ಕುಳಿತು ನಡೆಸುವ ಅನುಕೂಲ ಸ್ಯಾಗರಿನಲ್ಲಿದೆ. ಧೂಳೆದ್ದಲ್ಲಿ ಹೊಡೆದರೆ ಆಳು ಸಿಗುವುದಿಲ್ಲ, ಅದರ ಎಡಬಲಕ್ಕೂ ಹೊಡೆಯಬೇಕು. ಇಷ್ಟು ಸಣ್ಣ ಮಾಹಿತಿಯನ್ನು ಯುದ್ಧಕ್ಕೆ ಮೊದಲು ಒಂದು ಹಾಳೆಯಲ್ಲಿ ಬರೆದು ಎಲ್ಲ ಟ್ಯಾಂಕುಗಳಿಗೆ ಹಂಚಿ, ವಾರಕ್ಕೊಮ್ಮೆ ತಾಲೀಮು ಮಾಡಿಸಿದ್ದರೆ ಎಷ್ಟು ಜೀವ ಉಳಿಯುತ್ತಿತ್ತು!

ಅದೇ ಇಸ್ರೇಲ್ 33 ವರ್ಷಗಳ ನಂತರ ಮತ್ತೆ ಎಡವಿತು. 2006ರ ಜುಲೈ 12ರಂದು ಲೆಬನಾನಿನ ಸಶಸ್ತ್ರ ಸಂಘಟನೆ ಹಿಜ್ಬುಲ್ಲಾ ಇಬ್ಬರು ಸೈನಿಕರನ್ನು ಹೊತ್ತೊಯ್ದಾಗ ಬೆನ್ನಟ್ಟಿ ಗಡಿ ದಾಟಿದ ಮೆರ್ಕಾವಾ ಟ್ಯಾಂಕು ಮೊದಲೇ ಹೂತಿಟ್ಟಿದ್ದ ಭಾರಿ ಸ್ಫೋಟಕದ ಮೇಲೆ ಹಾದು ನಾಲ್ವರೂ ಸತ್ತರು. ಅಪಹರಿಸಿದವನು ಬೆನ್ನಟ್ಟುವವರಿಗಾಗಿ ಕಾದಿರುತ್ತಾನೆ ಎಂಬುದು ಗೆರಿಲ್ಲಾ ಯುದ್ಧದ ಮೊದಲ ಪಾಠ. ಸಿಟ್ಟಿನಲ್ಲಿ ಅದು ಮರೆತುಹೋಯಿತು. ಯುದ್ಧ ನಡೆದದ್ದು 34 ದಿನ. ಕೊನೆಯ ದಿನಗಳಲ್ಲಿ, ವಿಶ್ವಸಂಸ್ಥೆಯ ಕದನವಿರಾಮ ಠರಾವು ಪಾಸಾದ ಹೊತ್ತಿನಲ್ಲಿ, ವಾದಿ ಸಲೂಕಿ ಎಂಬ ಕಡಿದಾದ ಕಣಿವೆಯಲ್ಲಿ 24 ಟ್ಯಾಂಕುಗಳ ಸಾಲು ದಾಟಲು ಹೋಗಿ 11 ಟ್ಯಾಂಕುಗಳಿಗೆ ಪೆಟ್ಟು ಬಿತ್ತು, 12 ಜನ ಸತ್ತರು.

ಗದಗಿನವರು ಆ ಕಣಿವೆಯನ್ನು ಕಣ್ಣಿಗೆ ತಂದುಕೊಳ್ಳಬೇಕೆಂದರೆ ಕಪ್ಪತಗುಡ್ಡದ ಸೆರಗಿಗೆ ಹೋಗಿ ನಿಲ್ಲಬೇಕು. ಡೋಣಿ ಕಡೆಯ ರಸ್ತೆಯಲ್ಲಿ ಹೋಗುವ ಬಸ್ಸು ಗುಡ್ಡದ ಮೇಲೆ ಕುರುಚಲು ಗಿಡದ ಮರೆಯಲ್ಲಿ ಕುಳಿತವನಿಗೆ ಬಹಳ ಹೊತ್ತು ಕಾಣುತ್ತಲೇ ಇರುತ್ತದೆ. ಬಸ್ಸಿನ ಡ್ರೈವರಿಗೆ ಗುಡ್ಡ ಕಾಣುತ್ತದೆ, ಕುಳಿತವನು ಕಾಣುವುದಿಲ್ಲ. ಸಲೂಕಿಯಲ್ಲಿ ದಾಟುವ ಜಾಗ ಯಾವುದೆಂದು ಭೂಪಟ ನೋಡಿದ ಯಾರಿಗೂ ಗೊತ್ತಾಗುವಂತಿತ್ತು. ಮೇಲಾಗಿ ಹೊರಡಿ ಎಂಬ ಆದೇಶ, ರದ್ದು, ಮತ್ತೆ ಆದೇಶ ಎಂದು ದಿನಗಳು ಕಳೆದವು, ಎದುರಿನವನಿಗೆ ತಯಾರಿಗೆ ಬೇಕಾದಷ್ಟು ಸಮಯ ಸಿಕ್ಕಿತು. ಎದುರು ದಿಬ್ಬದ ಹಳ್ಳಿಯಲ್ಲಿ ಇಳಿದ ಕಾಲಾಳುಗಳು ದಿಬ್ಬವನ್ನು ಹಿಡಿದಿದ್ದಾರೆ, ದಾರಿ ಸುರಕ್ಷಿತ ಎಂಬ ನಂಬಿಕೆಯಲ್ಲಿ ಟ್ಯಾಂಕುಗಳು ಇಳಿದವು. ಸುತ್ತಲಿನ ಇತರ ಇಳಿಜಾರುಗಳು ಖಾಲಿ ಇರಲಿಲ್ಲ. ಹೊಗೆಪರದೆ ಎಬ್ಬಿಸಬೇಕಾದ ಹೊತ್ತಿನಲ್ಲಿ ಎಷ್ಟೋ ಟ್ಯಾಂಕುಗಳು ಎಬ್ಬಿಸಲೇ ಇಲ್ಲ. ಯಾಕೆಂದರೆ 2000ದಿಂದ ಆಚೆಗೆ ಆ ಸಿಬ್ಬಂದಿಯನ್ನು ಪ್ಯಾಲೆಸ್ಟೀನ್ ಪ್ರದೇಶಗಳಲ್ಲಿ ನಾಕಾಬಂದಿ, ಗಸ್ತು ಕೆಲಸಕ್ಕೆ ಹಚ್ಚಿದ್ದರು. ವರ್ಷಗಟ್ಟಲೆ ಟ್ಯಾಂಕು ಹತ್ತದವನ ಕೈ ಹೊಗೆಯ ಗುಂಡಿಯನ್ನು ತಾನಾಗಿ ಹುಡುಕುವುದಿಲ್ಲ.

ಸುದ್ದಿಯೂ ಕೈಕೊಟ್ಟಿತು. ರಷ್ಯಾ ಸಿರಿಯಾಕ್ಕೆ ಮಾರಿದ ಕಾರ್ನೆಟ್‌ಗಳು ಹಿಜ್ಬುಲ್ಲಾ ಕೈ ಸೇರಿದ್ದವು. ಗಡಿಯಂಚಿನ ಪೊದೆಗಳ ಕೆಳಗೆ ಅವರು ತೋಡಿದ್ದ ಬಂಕರುಗಳ ಬಗ್ಗೆ ಇಸ್ರೇಲ್ ಸಾಕಷ್ಟು ಮಾಹಿತಿ ಕಲೆಹಾಕಿತ್ತು. ಆದರೆ ಅತಿ ಗೋಪ್ಯ ಎಂಬ ಮುದ್ರೆಯ ಕಾರಣದಿಂದ ಅದು ಮುಂಚೂಣಿಯ ದಳಗಳಿಗೆ ಹೊತ್ತಿಗೆ ತಲುಪಲಿಲ್ಲ. ವೈರಿಗೆ ತಿಳಿಯಬಾರದೆಂದು ಬಚ್ಚಿಟ್ಟ ಗುಟ್ಟು ನಮ್ಮವರಿಗೇ ತಿಳಿಯದೆ ಹೋದರೆ ಅದರ ಲಾಭ ಯಾರಿಗೆ? ಗುಟ್ಟು ಕಾಯುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಈ ಮಾಹಿತಿ ಹೇಗೆ ಸಿಕ್ಕಿತು ಎಂಬುದನ್ನು ಮುಚ್ಚಿಡಲಿ. ಈ ಇಳಿಜಾರಿನಲ್ಲಿ 5 ಕಿ.ಮೀ. ಹೊಡೆಯುವ ಅಸ್ತ್ರವಿದೆ ಎಂಬ ಒಂದು ಸಾಲನ್ನು ಬೆಟಾಲಿಯನ್ನಿಗೆ ಕೊಡಲು ಯಾವ ಗುಟ್ಟೂ ಒಡೆಯಬೇಕಿಲ್ಲ.

ಈ ಯುದ್ಧದ ಒಟ್ಟು ಲೆಕ್ಕ ನೋಡಿದರೆ ನಮ್ಮ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಸುಮಾರು 50 ಮೆರ್ಕಾವಾಗಳಿಗೆ ಪೆಟ್ಟು ಬಿತ್ತು. ಕವಚ ತೂತಾದವು ಅದರಲ್ಲಿ ಅರ್ಧಕ್ಕಿಂತ ಕಡಿಮೆ, ಮತ್ತೆ ಬಳಸಲಾರದಂತೆ ನಾಶವಾದವು ಬೆರಳೆಣಿಕೆಯಷ್ಟು. ಅಸ್ತ್ರ ಅಷ್ಟು ಸರ್ವಶಕ್ತವಾಗಿದ್ದರೆ ಲೆಕ್ಕ ಹೀಗಿರುತ್ತಿರಲಿಲ್ಲ. ಮುಂದೆ 2009ರಲ್ಲಿ, ಟ್ಯಾಂಕಿನತ್ತ ಬರುವ ಕ್ಷಿಪಣಿಯನ್ನು ರಾಡಾರಿನಿಂದ ಗುರುತಿಸಿ ಹತ್ತಿರದಲ್ಲೇ ಒಡೆಯುವ ಟ್ರೋಫಿ ವ್ಯವಸ್ಥೆಯನ್ನು ಟ್ಯಾಂಕುಗಳಿಗೆ ಕೂಡಿಸಿದರು, 2011ರ ಮಾರ್ಚ್‌ನಲ್ಲಿ ಗಾಜಾ ಗಡಿಯಲ್ಲಿ ಅದು ಮೊದಲ ಬಾರಿ ಕೆಲಸ ಮಾಡಿತು. ಯಂತ್ರ ಒಳ್ಳೆಯದೇ. ಆದರೆ 2023ರ ಅಕ್ಟೋಬರ್ 7ರಂದು ಸಣ್ಣ ಡ್ರೋನುಗಳು ಮೊದಲು ಗಡಿಯ ಕಾವಲು ಗೋಪುರಗಳನ್ನು ಕುರುಡು ಮಾಡಿ, ಮೇಲಿಂದ ಟ್ಯಾಂಕಿನ ಮೇಲೆ ಗುಂಡು ಬೀಳಿಸಿದವು. ಸುದ್ದಿಯ ಕೊರತೆಯನ್ನು ಯಂತ್ರ ತುಂಬಿಕೊಡಲಿಲ್ಲ.

ಬೇರೆಯವರ ಮನೆಯ ಮಾತು ಸಾಕು, ನಮ್ಮ ಮನೆಯದನ್ನೂ ಹೇಳಬೇಕು. 1987ರ ಅಕ್ಟೋಬರ್‌ನಲ್ಲಿ ಶ್ರೀಲಂಕಾದ ಜಾಫ್ನಾಕ್ಕೆ ಹೋದ ನಮ್ಮ ಶಾಂತಿಪಾಲನಾ ಪಡೆಗೆ ಎಲ್‌ಟಿಟಿಇ ಎಷ್ಟು ಗಟ್ಟಿ, ಅದರ ಹತ್ತಿರ ಏನೇನಿದೆ, ರಸ್ತೆಗಳ ಕೆಳಗೆ ಏನು ಹೂತಿದೆ ಎಂಬ ಅಂದಾಜು ಸರಿಯಾಗಿರಲಿಲ್ಲ. ನಮ್ಮ ರೇಡಿಯೊ ಮಾತುಗಳನ್ನು ಅವರು ಕೇಳಿಸಿಕೊಳ್ಳುತ್ತಿದ್ದರು. ಅಕ್ಟೋಬರ್ 11ರ ರಾತ್ರಿ ಜಾಫ್ನಾ ವಿಶ್ವವಿದ್ಯಾಲಯದ ಮೈದಾನಕ್ಕೆ ಹೆಲಿಕಾಪ್ಟರಿನಿಂದ ಇಳಿದ 13 ಸಿಖ್ ಲೈಟ್ ಇನ್‌ಫೆಂಟ್ರಿಯ 30 ಜನರಲ್ಲಿ 29 ಜನ ಸತ್ತರು, ಒಬ್ಬ ಸೆರೆಯಾದ. ಜೊತೆಗಿಳಿದ ಕಮಾಂಡೊಗಳನ್ನು ಬಿಡಿಸಲು ಹೊರಟ ಮೂರು ಟಿ-72 ಟ್ಯಾಂಕುಗಳು ರಸ್ತೆ ಬಿಟ್ಟು ರೈಲ್ವೆ ಹಳಿಯ ಮೇಲೆ ಹೋದವು. ರಸ್ತೆಯ ತುಂಬ ನೆಲಬಾಂಬುಗಳಿದ್ದವು, ಹಳಿಯ ಮೇಲೆ ಟ್ಯಾಂಕು ಬಂದೀತೆಂದು ಎದುರಿನವರು ಎಣಿಸಿರಲಿಲ್ಲ. ಆ ಉಪಾಯ ಹೊಳೆದದ್ದು ಸ್ಥಳದ ಅರಿವಿದ್ದವರಿಗೆ. ಹಾಗಿದ್ದರೂ ಮುಂದಾಳು ಟ್ಯಾಂಕಿಗೆ ಆರ್‌ಪಿಜಿ ಬಡಿದು ಅದರ ಅಧಿಕಾರಿ ಒಂದು ಕಣ್ಣು ಕಳೆದುಕೊಂಡರು, ಕಮಾಂಡೊಗಳು ಹೊರಬಂದರು. ಶೌರ್ಯಕ್ಕೆ ಕೊರತೆ ಇರಲಿಲ್ಲ. ಶೌರ್ಯದಿಂದ ಸುದ್ದಿಯ ಕೊರತೆ ತುಂಬಿಸಬೇಕಾಗಿ ಬಂತಲ್ಲ, ನಮ್ಮ ದುಃಖ ಅದೇ.

ಊರೊಳಗೆ ಟ್ಯಾಂಕು ನುಗ್ಗಿಸಿದರೆ ಏನಾಗುತ್ತದೆ ಎಂಬುದಕ್ಕೆ 1994ರ ಡಿಸೆಂಬರ್ 31ರಂದು ರಷ್ಯಾದಿಂದ ಬೇರೆಯಾಗಹೊರಟ ಚೆಚೆನ್ಯಾದ ರಾಜಧಾನಿ ಗ್ರೋಜ್ನಿಯಲ್ಲಿ ಆದದ್ದೇ ಸಾಕ್ಷಿ. ಒಂದು ಪ್ಯಾರಾಶೂಟ್ ರೆಜಿಮೆಂಟಿನಿಂದ ಎರಡು ಗಂಟೆಯಲ್ಲಿ ಊರು ಹಿಡಿಯಬಹುದೆಂದು ರಷ್ಯಾದ ರಕ್ಷಣಾ ಸಚಿವ ಗ್ರಾಚೆವ್ ಹೇಳಿದ್ದರು. ರೈಲು ನಿಲ್ದಾಣದವರೆಗೆ ಹೋದ 131ನೇ ಬ್ರಿಗೇಡಿನ 26 ಟ್ಯಾಂಕುಗಳಲ್ಲಿ 20, 120 ಕಾಲಾಳು ವಾಹನಗಳಲ್ಲಿ 102 ನಾಶವಾದವು. ಕಾಲಾಳುಗಳು ಕೆಳಗಿಳಿಯದೆ ವಾಹನದೊಳಗೇ ಕುಳಿತಿದ್ದರು. ಕೈಯಲ್ಲಿದ್ದ ಭೂಪಟದಲ್ಲಿ ಓಣಿಗಳೇ ಸರಿಯಾಗಿ ಕಾಣುತ್ತಿರಲಿಲ್ಲ. ಸಂಕೇತವಿಲ್ಲದ ರೇಡಿಯೊ ಮಾತನ್ನು ಚೆಚೆನ್ನರು ಕೇಳುತ್ತಿದ್ದರು, ಅವರಲ್ಲಿ ಬಹಳ ಜನ ಅದೇ ಸೋವಿಯತ್ ಸೇನೆಯಲ್ಲಿ ದುಡಿದವರು, ಅದೇ ಟ್ಯಾಂಕಿನ ಒಳಹೊರಗು ಬಲ್ಲವರು. ಬಂದು ಬಡಿದ ಗುಂಡಿನ ಧಾರೆಯನ್ನು ತಾನೇ ಸಿಡಿದು ಕೆಡಿಸುವುದು ಪ್ರತಿಸ್ಫೋಟಕ ಕವಚ; ಕೆಲವು ಟ್ಯಾಂಕುಗಳ ಮೈಮೇಲಿನ ಆ ಕವಚದ ಡಬ್ಬಿಗಳಲ್ಲಿ ಸ್ಫೋಟಕವನ್ನೇ ತುಂಬಿರಲಿಲ್ಲ. ಡಬ್ಬಿ ಇತ್ತು, ಒಳಗೆ ಖಾಲಿ.

ಟ್ಯಾಂಕು ಓಣಿಯಲ್ಲಿ ಯಾಕೆ ಅಸಹಾಯಕ ಎಂಬುದನ್ನು ಅಳತೆಯಲ್ಲಿಯೇ ಹೇಳುತ್ತೇವೆ. ಟಿ-72ರ ತೋಪನ್ನು ಎತ್ತಬಹುದಾದದ್ದು ಸುಮಾರು 14 ಡಿಗ್ರಿ. ತೋಪು ನೆಲದಿಂದ ಹೆಚ್ಚುಕಡಿಮೆ 1.7 ಮೀಟರ್ ಎತ್ತರದಲ್ಲಿದೆ. ಹತ್ತು ಮೀಟರ್ ದೂರದ ಕಟ್ಟಡದಲ್ಲಿ ನಾಲ್ಕು ಮೀಟರ್‌ಗಿಂತ ಮೇಲಿರುವ ಕಿಟಕಿಗೆ ಅದರ ಗುಂಡು ತಾಗುವುದಿಲ್ಲ, ಅಂದರೆ ಎರಡನೇ ಅಂತಸ್ತಿನಲ್ಲಿ ನಿಂತವನು ನಿಶ್ಚಿಂತ. ಕೆಳಕ್ಕೆ ಇಳಿಸಬಹುದಾದದ್ದು ಆರೇ ಡಿಗ್ರಿ, ಹಾಗಾಗಿ ಹತ್ತಿರದ ನೆಲಮಾಳಿಗೆಯ ಕಿಂಡಿಯೂ ಅದಕ್ಕೆ ದಕ್ಕುವುದಿಲ್ಲ. ತೋಪನ್ನು ಅಡ್ಡಕ್ಕೆ ತಿರುಗಿಸಿದರೆ ಅದು ಬದಿಯಿಂದ ಸುಮಾರು ನಾಲ್ಕು ಮೀಟರ್ ಹೊರಚಾಚುತ್ತದೆ. ಟ್ಯಾಂಕು ನಟ್ಟನಡುವೆ ನಿಂತರೂ ಟರೆಟ್ ಪೂರ್ತಿ ಸುತ್ತಲು ಓಣಿ 12 ಮೀಟರ್ ಅಗಲ ಇರಬೇಕು. ಹುಬ್ಬಳ್ಳಿಯ ದುರ್ಗದ ಬೈಲಿನ ಸುತ್ತಲಿನ ಹಳೆಯ ಓಣಿಗಳಲ್ಲಿ ನಡೆದಾಡಿದವರು ಇದನ್ನು ಊಹಿಸಿಕೊಳ್ಳಲಿ. ಚೆಚೆನ್ನರು ಸಾಲಿನ ಮುಂದಿನದನ್ನೂ ಹಿಂದಿನದನ್ನೂ ಕೆಡಿಸಿ ನಡುವಿನವನ್ನು ಸಿಕ್ಕಿಸಿಕೊಂಡರು. ಮೊದಲ ತಿಂಗಳಲ್ಲಿ ರಷ್ಯಾ ಕಳೆದುಕೊಂಡ 225 ಕವಚವಾಹನಗಳಲ್ಲಿ 62 ಟ್ಯಾಂಕುಗಳು. ಅವುಗಳಲ್ಲಿ ಬಹುಪಾಲಿಗೆ ಪೆಟ್ಟು ಬಿದ್ದದ್ದು ಪ್ರತಿಸ್ಫೋಟಕ ಕವಚ ಇಲ್ಲದ ಜಾಗಕ್ಕೆ.

ರಷ್ಯನ್ನರು ಕಲಿಯಲಿಲ್ಲವೆಂದಲ್ಲ. ಆಕಾಶಕ್ಕೆ ಹೊಡೆಯುವ 23 ಮಿ.ಮೀ. ನಾಲ್ಕು ನಳಿಕೆಯ ತೋಪುಗಾಡಿಗಳನ್ನು ಸಾಲಿನಲ್ಲಿ ಸೇರಿಸಿದರು, ಅವು ಮೇಲಂತಸ್ತಿಗೂ ಹೊಡೆಯಬಲ್ಲವು. ಕಾಲಾಳು ಮುಂದೆ, ಟ್ಯಾಂಕು ಹಿಂದೆ ಎಂದು ಕ್ರಮ ಬದಲಿಸಿದರು. ಟಿ-72ರ ಟರೆಟ್ ಕೆಳಗಿನ ತಿರುಗುವ ತಟ್ಟೆಯಲ್ಲಿ 22 ಗುಂಡು ಇರುತ್ತವೆ, ಉಳಿದವನ್ನು ಸಿಬ್ಬಂದಿಯ ಸುತ್ತ ಸಂದಿಗೊಂದಿಯಲ್ಲಿ ತುರುಕಿರುತ್ತಾರೆ. ಧಾರೆ ಒಳಹೊಕ್ಕಾಗ ಹೊತ್ತಿಕೊಳ್ಳುವುದು ಹೆಚ್ಚಾಗಿ ಈ ಸಂದಿಯ ಗುಂಡುಗಳೇ, ಟರೆಟ್ ಹಾರುವುದೂ ಒಳಗಿನ ಮದ್ದು ಒಮ್ಮೆಗೇ ಸಿಡಿದಾಗ. ಊರೊಳಗೆ ಹೋಗುವಾಗ ತಟ್ಟೆಯ 22 ಮಾತ್ರ ತುಂಬಿ, ಮುಗಿದ ಮೇಲೆ ಹಿಂದೆ ಬಂದು ತುಂಬಿಸಿಕೊಳ್ಳುವ ಪದ್ಧತಿಗೆ ಖರ್ಚೇನೂ ಇಲ್ಲ, ಶಿಸ್ತು ಬೇಕು ಅಷ್ಟೇ.

2022ರಲ್ಲಿ ಅದೇ ರಷ್ಯಾ ಫೆಬ್ರುವರಿ ಕೊನೆಗೆ, ನೆಲ ಕೆಸರಾಗುವ ಹೊತ್ತಿಗೆ ಉಕ್ರೇನಿಗೆ ನುಗ್ಗಿತು. ಅವರ ಬೆಟಾಲಿಯನ್ ತಂಡಗಳಲ್ಲಿ ವಾಹನ ಬಹಳ, ಕೆಳಗಿಳಿದು ನಡೆಯುವ ಕಾಲಾಳು ಕಡಿಮೆ. ನವಲಗುಂದ, ನರಗುಂದದ ರೈತರಿಗೆ ಮುಂದಿನದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆ ಬಿದ್ದ ಮರುದಿನ ಎರಿ ಹೊಲಕ್ಕೆ ಟ್ರ್ಯಾಕ್ಟರ್ ಇಳಿಸಿದರೆ ಏನಾಗುತ್ತದೆಂದು ಅವರಿಗೆ ಗೊತ್ತು. ಟ್ಯಾಂಕಿನ ಅಗಲ ಪಟ್ಟಿಯ ಕೆಳಗೆ ಚದರ ಸೆಂಟಿಮೀಟರಿಗೆ ಬೀಳುವ ಭಾರ ಒಂದು ಕೆ.ಜಿ.ಗಿಂತಲೂ ಕಡಿಮೆ, ನೇರ ಹೋದರೆ ತೇಲಿಕೊಂಡು ಹೋಗುತ್ತದೆ. ತಿರುಗುವಾಗ ಒಂದು ಬದಿಯ ಪಟ್ಟಿ ನೆಲವನ್ನು ತೋಡುತ್ತದೆ, ಆಗ ಹೂತುಕೊಳ್ಳುತ್ತದೆ. ಹೂಳುವ ಹೆದರಿಕೆಗೆ ಎಲ್ಲರೂ ಡಾಂಬರು ರಸ್ತೆ ಹಿಡಿದರು. ರಸ್ತೆ ಯಾವುದೆಂದು ಗೊತ್ತಾದ ಮೇಲೆ ಅಡಗಿ ಕುಳಿತವನಿಗೆ ಇನ್ನಾವ ಬೇಹುಗಾರಿಕೆ ಬೇಕು?

ನೆಲದ ಸುದ್ದಿ ತಿಳಿಯದೆ ಕೆಟ್ಟವರನ್ನು ನಮ್ಮ ಸೇನೆಯೂ ಎದುರಿನಿಂದ ನೋಡಿದೆ. 1965ರ ಸೆಪ್ಟೆಂಬರ್‌ನಲ್ಲಿ ಪಂಜಾಬಿನ ಅಸಲ್ ಉತ್ತರ ಎಂಬ ಹಳ್ಳಿಯಲ್ಲಿ ನಮ್ಮವರು ಕಾಲುವೆ ಒಡೆದು ಹೊಲಗಳಿಗೆ ನೀರು ಬಿಟ್ಟು, ಆಳೆತ್ತರದ ಕಬ್ಬಿನಲ್ಲಿ ಅಡಗಿ ಕಾದರು. ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ನೋಡಿಕೊಳ್ಳದೆ ಒಳಬಂದು ಸಿಕ್ಕಿಕೊಂಡವು, 97 ಟ್ಯಾಂಕುಗಳು ಹೋದವು. ಹವಾಲ್ದಾರ್ ಅಬ್ದುಲ್ ಹಮೀದ್ ಜೀಪಿನ ಮೇಲಿನ 106 ಮಿ.ಮೀ. ತೋಪಿನಿಂದ ಒಂದೊಂದಾಗಿ ಹೊಡೆದು ಪರಮವೀರರಾದದ್ದು ಅಲ್ಲಿಯೇ. 1971ರ ಡಿಸೆಂಬರ್ 4ರ ರಾತ್ರಿ ರಾಜಸ್ಥಾನದ ಲೋಂಗೆವಾಲಾದಲ್ಲಿ ಸಾದಾ ಮುಳ್ಳುತಂತಿ ಕಂಡು ನೆಲಬಾಂಬಿದೆ ಎಂದುಕೊಂಡ ಪಾಕಿಸ್ತಾನದ ಟ್ಯಾಂಕುಗಳು ಬಾಂಬು ತೆಗೆಯುವವರಿಗಾಗಿ ಗಂಟೆಗಟ್ಟಲೆ ಕಾದು ನಿಂತವು. ಅಲ್ಲಿ ಬಾಂಬೇ ಇರಲಿಲ್ಲ. ಬೆಳಗಾಯಿತು, ನಮ್ಮ ಹಂಟರ್ ವಿಮಾನಗಳು ಬಂದವು. ಧಾರವಾಡದವರಿಗೆ ಇನ್ನೂ ಹಳೆಯ ಉದಾಹರಣೆ ಇದೆ. 1824ರ ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆ ಕುದುರೆ ತೋಪುಗಳನ್ನು ಕಿತ್ತೂರು ಕೋಟೆಯ ಬಾಗಿಲಿಗೇ ತಂದು ನಿಲ್ಲಿಸಿ ಹೆದರಿಸಹೊರಟ. ಒಳಗೆ ಎಷ್ಟು ಜನ, ಎಷ್ಟು ಕೆಚ್ಚು ಇದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಬಾಗಿಲು ತೆರೆದು ಚೆನ್ನಮ್ಮನ ದಂಡು ಮೇಲೆ ಬಿದ್ದಾಗ ತೋಪು ಕಾಯಲು ಸಾಕಷ್ಟು ಜನ ಇರಲಿಲ್ಲ. ಥ್ಯಾಕರೆ ಸತ್ತ, ತೋಪುಗಳು ಕಿತ್ತೂರಿನ ಕೈ ಸೇರಿದವು.

ಇನ್ನೊಂದು ಮಾತು, ಯುದ್ಧದ ವರದಿ ಬರೆಯುವ ಯುವ ಪತ್ರಕರ್ತರಿಗೆ. ಆರ್‌ಪಿಜಿಗೂ ಕಾರ್ನೆಟ್‌ಗೂ ಮದ್ದು ಒಂದೇ ಅಲ್ಲ. ಆರ್‌ಪಿಜಿ ಚಲಿಸುವ ಗುರಿಗೆ ಪರಿಣಾಮಕಾರಿಯಾಗಿ ತಾಗುವುದು 300 ಮೀಟರ್ ಒಳಗೆ. ಅದಕ್ಕೆ ಕಾಲಾಳುಗಳು ಸಾಕು, ಟ್ಯಾಂಕಿನ ಎರಡೂ ಬದಿಯಲ್ಲಿ ಅಷ್ಟು ದೂರದ ಪೊದೆ, ಗೋಡೆ, ಕಾಲುವೆಯನ್ನು ತಡಕುತ್ತ ನಡೆಯಬೇಕು. ಅವರು ಟ್ಯಾಂಕಿಗೆ ತೀರಾ ಅಂಟಿಕೊಂಡು ನಡೆದರೆ ಪ್ರತಿಸ್ಫೋಟಕ ಕವಚ ಸಿಡಿದಾಗ ಅವರೇ ಸಾಯುತ್ತಾರೆ, ಹಾಗಾಗಿ ಎಷ್ಟು ದೂರ ಎಂಬುದನ್ನು ಜೊತೆಯಾಗಿ ತಾಲೀಮು ಮಾಡಿಯೇ ಕಲಿಯಬೇಕು. ಇಬ್ಬರಿಗೂ ಒಂದೇ ರೇಡಿಯೊ ಜಾಲ ಇರಬೇಕು. 5 ಕಿ.ಮೀ. ಹೊಡೆಯುವ ಕ್ಷಿಪಣಿಗೆ ಕಾಲಾಳು ನಡೆದು ತಲುಪಲಾರ. ಅಲ್ಲಿ ಹೊರಡುವ ಮೊದಲೇ ಭೂಪಟದಲ್ಲಿ ರಸ್ತೆಯನ್ನು ನೋಡಬಲ್ಲ ಇಳಿಜಾರುಗಳನ್ನೆಲ್ಲ ಗುರುತಿಸಿ, ಡ್ರೋನಿನಿಂದ ನೋಡಿಸಿ, ಫಿರಂಗಿ ದಳಕ್ಕೆ ಆ ಜಾಗಗಳ ಗುರಿ ಅಂಕಿಗಳನ್ನು ಮುಂಚೆಯೇ ಕೊಟ್ಟಿರಬೇಕು. ದಾಟುವ ಹೊತ್ತಿಗೆ ಹೊಗೆ ಮತ್ತು ಗುಂಡು ಆ ಇಳಿಜಾರಿನ ಮೇಲೆ ಬೀಳಬೇಕು. ಟ್ಯಾಂಕು ಉರಿದ ಸುದ್ದಿ ಬಂದಾಗ ಇವುಗಳಲ್ಲಿ ಯಾವುದು ಆಗಿರಲಿಲ್ಲ ಎಂದು ವಿಚಾರಿಸಿ ಬರೆಯಿರಿ. ಅಸ್ತ್ರದ ಹೆಸರು, ಬೆಲೆ ಆಮೇಲೆ ಬರಲಿ.

ಇಸ್ರೇಲಿನ ತಪ್ಪುಗಳನ್ನು ನಾವು ಇಷ್ಟು ವಿವರವಾಗಿ ಬರೆಯಲು ಸಾಧ್ಯವಾದದ್ದೇ ಅವರು ಬಿಚ್ಚಿ ಹೇಳಿದ್ದರಿಂದ. 1973ರ ಬಗ್ಗೆ ಅಗ್ರಾನಾಟ್ ಆಯೋಗ 1974ರ ಏಪ್ರಿಲ್‌ನಲ್ಲೇ ಮಧ್ಯಂತರ ವರದಿ ಕೊಟ್ಟಿತು, ಸೇನಾ ಬೇಹುಗಾರಿಕೆಯ ಮುಖ್ಯಸ್ಥ ಸ್ಥಾನ ಬಿಡಬೇಕಾಯಿತು. 2006ರ ಬಗ್ಗೆ ವಿನೋಗ್ರಾಡ್ ಆಯೋಗ 2007 ಮತ್ತು 2008ರಲ್ಲಿ ವರದಿ ಕೊಟ್ಟು ತಾಲೀಮಿನ ಕೊರತೆಯನ್ನು ನೇರವಾಗಿ ಹೇಳಿತು. ನಮ್ಮಲ್ಲೂ ಕಾರ್ಗಿಲ್ ಪರಿಶೀಲನಾ ಸಮಿತಿಯ ವರದಿ ಕೆಲವು ಭಾಗ ಬಿಟ್ಟು 2000ದಲ್ಲಿ ಸಂಸತ್ತಿನ ಮುಂದೆ ಬಂತು, ದೇಶಕ್ಕೆ ಅದರಿಂದ ಕೇಡೇನೂ ಆಗಲಿಲ್ಲ. ಆದರೆ 1962ರ ಸೋಲಿನ ಹೆಂಡರ್ಸನ್ ಬ್ರೂಕ್ಸ್–ಭಗತ್ ವರದಿಯನ್ನು ಸರ್ಕಾರ ಇನ್ನೂ ಬಿಡುಗಡೆ ಮಾಡಿಲ್ಲ.

2021ರ ಜೂನ್‌ನಲ್ಲಿ ರಕ್ಷಣಾ ಸಚಿವಾಲಯವೇ ನೀತಿಯೊಂದನ್ನು ತಂದಿದೆ. ಯುದ್ಧ ಮತ್ತು ಕಾರ್ಯಾಚರಣೆಗಳ ಇತಿಹಾಸವನ್ನು ಐದು ವರ್ಷದೊಳಗೆ ಬರೆಸಬೇಕು, ಕಡತಗಳನ್ನು ಸಾಮಾನ್ಯವಾಗಿ 25 ವರ್ಷಕ್ಕೆ ಗೋಪ್ಯದಿಂದ ಬಿಡಿಸಬೇಕು ಎಂದು ಅದರಲ್ಲಿದೆ. ಜಾಫ್ನಾದ ಕಡತಗಳಿಗೆ 25 ವರ್ಷ 2012ರಲ್ಲಿಯೇ ತುಂಬಿದವು. ಧಾರವಾಡ ಮತ್ತು ಹಾವೇರಿ ಲೋಕಸಭಾ ಕ್ಷೇತ್ರಗಳ ಸದಸ್ಯರು ಮುಂದಿನ ಅಧಿವೇಶನದಲ್ಲಿ ಎರಡು ಪ್ರಶ್ನೆ ಕೇಳಲಿ. 1987ರ ಅಕ್ಟೋಬರ್‌ನ ಜಾಫ್ನಾ ಕಾರ್ಯಾಚರಣೆಯ ಯಾವ ಕಡತಗಳು ರಾಷ್ಟ್ರೀಯ ಪತ್ರಾಗಾರಕ್ಕೆ ಹೋಗಿವೆ? ಹೋಗದವು ಯಾವ ದಿನಾಂಕಕ್ಕೆ ಹೋಗುತ್ತವೆ? ಉತ್ತರ ಬಂದರೆ ತಮ್ಮ ಪತ್ರಿಕೆ ಅದನ್ನು ಮುಖಪುಟದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಮಾಜಿ ಸೈನಿಕರ ಗೆಳೆಯರ ಬಳಗ,
ಧಾರವಾಡ